ವಿಜ್ಞಾನ ಕಥೆಯ ಅಭಿಮಾನಿಯೂ ಆತನ ಮನೆಯ ಬಾನುಲಿಯೂ



ವಿಜ್ಞಾನ ಕಥೆಗಳನ್ನು ಅಕ್ಕರೆಯಿಂದ ಓದತಕ್ಕ ಇಬ್ಬರೋ ಮೂವರೋ ಗೆಳೆಯರು, ಯಾವ ಸಂಸ್ಥೆಯ ಆಜ್ಞೆಯೂ ಇಲ್ಲದೆ, ಯಾವ ಸಂಭಾವನೆಯ ನಿರೀಕ್ಷೆಯೂ ಇಲ್ಲದೆ, ತಮ್ಮ ತಮ್ಮ ಮನೆಯ ಕೋಣೆಗಳಲ್ಲಿ ಕುಳಿತು, ತಾವು ಓದಿದ ಕಾದಂಬರಿಯನ್ನೋ ನೋಡಿದ ಚಲನಚಿತ್ರವನ್ನೋ ಕುರಿತು ಮನಬಿಚ್ಚಿ ಮಾತನಾಡಿ, ಆ ಮಾತನ್ನು ಧ್ವನಿಮುದ್ರಿಸಿ, ಭೂಮಂಡಲದ ಯಾವ ಮೂಲೆಯಲ್ಲಿರುವ ಸಮಾನಮನಸ್ಕನಾದರೂ ತನಗೆ ಬಿಡುವಾದಾಗ ಕೇಳಿಕೊಳ್ಳುವಂತೆ ಒದಗಿಸುವ ಒಂದು ಪದ್ಧತಿಯು ಈ ಶತಮಾನದ ಮೊದಲ ದಶಕದಿಂದೀಚೆಗೆ ಬೆಳೆದುಬಂದಿದೆ. ಅದಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ಅಂಥ ಪಾಡ್‌ಕಾಸ್ಟನ್ನು ನಡೆಸುವ ಬಗೆ ಯಾವುದು, ನಡೆಯುತ್ತಿರುವುದನ್ನು ಉತ್ತಮಪಡಿಸುವ ಮಾರ್ಗ ಯಾವುದು ಎಂಬ ವಿಚಾರವಾಗಿ ಇಂದು ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಈ ವಿಷಯವನ್ನು ಬಾನುಲಿಯಲ್ಲಿ ಪ್ರಸ್ತಾಪಿಸುವುದು ಉಚಿತವೇ ಎಂದು ಯಾರಾದರೂ ಕೇಳಿದರೆ, ಅತ್ಯಂತ ಉಚಿತವೆಂದೇ ನಾನು ಹೇಳುವೆನು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಮನೆಯಲ್ಲಿ ಸಣ್ಣದೊಂದು ಪ್ರೇಷಕಯಂತ್ರವನ್ನು ಸ್ಥಾಪಿಸಿ, ಊರಿನ ಕವಿಗಳನ್ನೂ ಸಂಗೀತಗಾರರನ್ನೂ ಕರೆದು ಕೂರಿಸಿ, ಅವರ ಧ್ವನಿಯನ್ನು ಜನರಿಗೆ ಮುಟ್ಟಿಸಿದುದರಿಂದಲೇ ಕನ್ನಡ ನಾಡಿನ ಆಕಾಶವಾಣಿಯ ಚರಿತ್ರೆ ಮೊದಲಾಯಿತು. ಮನೆಯೊಂದರಲ್ಲಿ, ಒಬ್ಬ ವಿದ್ವಾಂಸನ ಹವ್ಯಾಸವಾಗಿ ಹುಟ್ಟಿದ ಆ ಕೆಲಸಕ್ಕೂ, ಇಂದು ಲಂಡನ್ನಿನಲ್ಲಿಯೋ ಪರ್ತ್ ನಗರದಲ್ಲಿಯೋ ತನ್ನ ಓದುವ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತುಕೊಳ್ಳುವ ವಿಜ್ಞಾನ ಕಥಾಭಿಮಾನಿಯ ಕೆಲಸಕ್ಕೂ ಯಂತ್ರದಲ್ಲಿ ಭೇದವಿದ್ದರೂ ಮನೋಧರ್ಮದಲ್ಲಿ ಭೇದವಿಲ್ಲ. ತಾನು ಮೆಚ್ಚಿದ್ದನ್ನು ನಾಲ್ಕು ಜನರೊಡನೆ ಹಂಚಿಕೊಂಡಲ್ಲದೆ ಇರಲಾರೆನೆಂಬ ಹಂಬಲ ಎರಡಕ್ಕೂ ಮೂಲ.

ವಿಜ್ಞಾನ ಕಥೆಯ ಅಭಿಮಾನಿಗಳಲ್ಲಿ ಈ ಹಂಬಲವು ಮೊದಲಿನಿಂದಲೂ ಪ್ರಬಲವಾಗಿದ್ದಿತು. ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬುವರು 1926ರ ಏಪ್ರಿಲ್ ತಿಂಗಳಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ವಿಜ್ಞಾನ ಕಥೆಗಳಿಗೆಂದೇ ಮೀಸಲಾಗಿ ಹೊರಟ ಆ ಪತ್ರಿಕೆಯಲ್ಲಿ ಓದುಗರ ಪತ್ರಗಳನ್ನು ಅಚ್ಚು ಮಾಡುವಾಗ ಬರೆದವರ ವಿಳಾಸವನ್ನೂ ಜೊತೆಯಲ್ಲಿ ಕೊಡುತ್ತಿದ್ದರು. ಅಷ್ಟು ಸಣ್ಣ ಏರ್ಪಾಡಿನಿಂದ ಎಷ್ಟು ದೊಡ್ಡ ಫಲವಾಯಿತೆಂಬುದನ್ನು ನೋಡಿ: ಒಬ್ಬರನ್ನೊಬ್ಬರು ಕಾಣದೆ ದೂರದೂರದ ಊರುಗಳಲ್ಲಿ ಒಂಟಿಯಾಗಿ ಓದುತ್ತಿದ್ದ ತರುಣರು ಪರಸ್ಪರ ಕಾಗದ ಬರೆದುಕೊಂಡರು, ಕಾಗದಗಳಿಂದ ಸಂಘಗಳಾದವು, 1930ರಲ್ಲಿ ‘ದಿ ಕಾಮೆಟ್’ ಎಂಬ ಅಭಿಮಾನಿಗಳ ಪತ್ರಿಕೆ ಹೊರಟಿತು, 1939ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೊತ್ತಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನವೂ ಸೇರಿತು. ಮುಂದೆ ಜಗತ್ಪ್ರಸಿದ್ಧ ಲೇಖಕರಾದ ಐಸಾಕ್ ಅಸಿಮೋವ್ ಮತ್ತು ರೇ ಬ್ರ್ಯಾಡ್‌ಬರಿ, ಆಗಿನ್ನೂ ಇಪ್ಪತ್ತು ತುಂಬದ ಹುಡುಗರು, ಆ ಸಭೆಯಲ್ಲಿ ಉಪಸ್ಥಿತರಿದ್ದರು. ಅಭಿಮಾನಿಯೂ ಲೇಖಕನೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಈ ಸಂಪ್ರದಾಯವು ಆ ಸಾಹಿತ್ಯಪ್ರಕಾರದ ವಿಶೇಷ ಲಕ್ಷಣವೆಂದು ನಾನು ಎಣಿಸುತ್ತೇನೆ.

ಧ್ವನಿಗೂ ವಿಜ್ಞಾನ ಕಥೆಗೂ ಇರತಕ್ಕ ಸಂಬಂಧವೂ ಹಳೆಯದೇ. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ಎಂಬ ತರುಣ ನಟನು ಎಚ್. ಜಿ. ವೆಲ್ಸ್ ಅವರ ‘ಲೋಕಗಳ ಸಮರ’ ಎಂಬ, ಮಂಗಳಗ್ರಹದವರು ಭೂಮಿಗೆ ದಾಳಿಯಿಡುವ ಕಾದಂಬರಿಯನ್ನು ವಾರ್ತಾಪ್ರಸಾರದ ರೂಪದಲ್ಲಿ ಅಮೆರಿಕದ ರೇಡಿಯೋದಲ್ಲಿ ಆಡಿದಾಗ, ಮಂಗಳಗ್ರಹದವರು ನಿಜವಾಗಿಯೂ ಇಳಿದಿದ್ದಾರೆಂದು ಭ್ರಮಿಸಿದವರೂ ಉಂಟು. 1978ರ ಮಾರ್ಚ್ 8ರಂದು ಬಿ.ಬಿ.ಸಿ.ಯಲ್ಲಿ ಪ್ರಾರಂಭವಾದ ಡಗ್ಲಸ್ ಆಡಮ್ಸ್ ಅವರ ‘ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಮೊದಲು ಕಿವಿಗೆಂದು ರಚಿತವಾಗಿ, ಆಮೇಲೆ ಪುಸ್ತಕವಾಯಿತು. ರಂಗದ ಮೇಲೆ ಕಟ್ಟಲಾಗದ ಗ್ರಹಗಳನ್ನೂ ಚಿತ್ರದಲ್ಲಿ ತೋರಿಸಲಾಗದ ಕಾಲಾಂತರಗಳನ್ನೂ ಕೇಳುವವನ ಕಲ್ಪನೆಯು ತಾನೇ ನಿರ್ಮಿಸಿಕೊಳ್ಳುವುದರಿಂದ, ಈ ಬಗೆಯ ಕಥೆಗೆ ಧ್ವನಿಯಷ್ಟು ಹೊಂದುವ ವಾಹನ ಮತ್ತೊಂದಿಲ್ಲ. ಹೀಗಿರುವಾಗ, 2004ರಲ್ಲಿ ಪಾಡ್‌ಕಾಸ್ಟ್ ಎಂಬ ಹೆಸರು ಹುಟ್ಟಿ, ಮರುವರ್ಷ ಅದು ಲೋಕದಲ್ಲೆಲ್ಲ ಹಬ್ಬಿದಾಗ, ವಿಜ್ಞಾನ ಕಥೆಯ ಅಭಿಮಾನಿಗಳು ಮುಂಚೂಣಿಯಲ್ಲಿಯೇ ನಿಂತಿದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ‘ಎಸ್ಕೇಪ್ ಪಾಡ್’ ಎಂಬ, ವಿಜ್ಞಾನದ ಸಣ್ಣಕಥೆಗಳನ್ನು ಓದಿಹೇಳುವ ಪಾಡ್‌ಕಾಸ್ಟು 2005ರಲ್ಲಿಯೇ ಆರಂಭವಾಯಿತು.

ಅಭಿಮಾನಿಗಳ ಇಂಥ ಪಾಡ್‌ಕಾಸ್ಟುಗಳಲ್ಲಿ ಒಂದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಂಗ್ಲೆಂಡಿನಲ್ಲಿ 2006ರಲ್ಲಿ ಟೋನಿ ಸ್ಮಿತ್ ಎಂಬ ಅಭಿಮಾನಿಯು ಗೆಳೆಯನೊಬ್ಬನ ಜೊತೆಗೂಡಿ ‘ಸ್ಟಾರ್‌ಶಿಪ್‌ಸೋಫಾ’ ಎಂಬ ಪಾಡ್‌ಕಾಸ್ಟನ್ನು ಹೊರಡಿಸಿದರು. ಒಂದೊಂದು ಸಂಚಿಕೆಯಲ್ಲಿ ಒಬ್ಬೊಬ್ಬ ಲೇಖಕನ ಜೀವನವನ್ನೂ ಕೃತಿಗಳನ್ನೂ ಕುರಿತು ಇಬ್ಬರೂ ಹರಟುವುದು ಮೊದಲಿನ ಕ್ರಮವಾಗಿತ್ತು. ಕಾಲಕ್ರಮದಲ್ಲಿ ಆ ಹರಟೆಯು ರೂಪಾಂತರಗೊಂಡು, ಕಥಾವಾಚನ, ವಿಜ್ಞಾನದ ವಾರ್ತೆ, ಸಾಹಿತ್ಯ ಚರಿತ್ರೆ, ವಿಮರ್ಶೆ ಇವೆಲ್ಲವೂ ಸೇರಿದ, ಹಲವರು ಧ್ವನಿಗೂಡಿಸುವ ಒಂದು ಶ್ರವ್ಯ ಪತ್ರಿಕೆಯಾಯಿತು. 2010ರಲ್ಲಿ, ಮೆಲ್ಬರ್ನ್ ನಗರದಲ್ಲಿ ಸೇರಿದ ವಿಶ್ವ ವಿಜ್ಞಾನ ಕಥಾ ಸಮ್ಮೇಳನದಲ್ಲಿ, ಆ ಸಮ್ಮೇಳನವು ವರ್ಷವರ್ಷವೂ ಕೊಡುವ ಹ್ಯೂಗೋ ಪ್ರಶಸ್ತಿಗಳಲ್ಲಿ ಅಭಿಮಾನಿ ಪತ್ರಿಕೆಗಳಿಗೆಂದು ಮೀಸಲಾಗಿದ್ದ ಪ್ರಶಸ್ತಿಯು ಇದಕ್ಕೆ ದೊರೆಯಿತು. ಹ್ಯೂಗೋ ಪ್ರಶಸ್ತಿಯನ್ನು ಪಡೆದ ಮೊದಲ ಪಾಡ್‌ಕಾಸ್ಟು ಅದೇ. ಕಾಗದದ ಮೇಲೆ ಅಚ್ಚಾಗದ ವಸ್ತುವನ್ನು ಪತ್ರಿಕೆಯೆಂದು ಕರೆಯಬಹುದೇ ಎಂಬ ಚರ್ಚೆ ಹುಟ್ಟಿದ್ದು ಸಹಜ. ಕಡೆಗೆ 2012ರಲ್ಲಿ ಅಭಿಮಾನಿಗಳ ಪ್ರಸಾರಕ್ಕೆಂದೇ ಪ್ರತ್ಯೇಕವಾದ ಹ್ಯೂಗೋ ಪ್ರಶಸ್ತಿಯೊಂದನ್ನು ಕೊಡುವ ಪದ್ಧತಿ ಬಂತು. ಆ ವರ್ಷವೂ ಮರುವರ್ಷವೂ ಅದು ‘ಎಸ್‌ಎಫ್ ಸ್ಕ್ವೀಕಾಸ್ಟ್’ ಎಂಬುದಕ್ಕೆ ಸಂದಿತು.

ಈ ಪ್ರಶಸ್ತಿಯ ನಿಯಮಗಳಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಒಂದು. ಹಿಂದಿನ ವರ್ಷದ ಕೊನೆಯೊಳಗಾಗಿ ಕನಿಷ್ಠಪಕ್ಷ ನಾಲ್ಕು ಸಂಚಿಕೆಗಳನ್ನಾದರೂ ಹೊರಡಿಸಿದ ಪಾಡ್‌ಕಾಸ್ಟು ಮಾತ್ರ ಪರಿಗಣನೆಗೆ ಅರ್ಹ. ನಾಲ್ಕೆಂಬುದು ದೊಡ್ಡ ಸಂಖ್ಯೆಯಲ್ಲ. ಆದರೆ ಆ ನಿಯಮದ ಹಿಂದೆ ಅನುಭವದ ವಿವೇಕವಿದೆ. ಮೊದಲ ಸಂಚಿಕೆಯನ್ನು ಉತ್ಸಾಹವೇ ಮಾಡಿಸಿಬಿಡುತ್ತದೆ. ಎರಡನೆಯದನ್ನು ಗೆಳೆಯರ ಮೆಚ್ಚಿಕೆ ಮಾಡಿಸುತ್ತದೆ. ಅಲ್ಲಿಂದ ಮುಂದಿನದನ್ನು ಮಾಡಿಸತಕ್ಕದ್ದು ಶ್ರದ್ಧೆಯೊಂದೇ. ಅಭಿಮಾನವೆಂಬುದು ಬರಿಯ ಉಲ್ಲಾಸವಾಗಿದ್ದರೆ ಮೂರನೆಯ ತಿಂಗಳಿಗೆ ಬತ್ತಿಹೋಗುತ್ತದೆ. ಅದು ಕೇಳುಗನ ಕಣ್ಣಿಗೆ ಬೀಳದ ಶ್ರಮವಾಗಿ ಪರಿಣಮಿಸಿದಾಗ ಮಾತ್ರ ಬಾಳುತ್ತದೆ. ಆ ಶ್ರಮದ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: ಮಾತನಾಡಲು ಕುಳಿತವನು ಮೊದಲು ಕೇಳುವುದನ್ನು ಕಲಿಯಬೇಕು. ಇಂದಿನ ನನ್ನ ಭಾಷಣದ ತಾತ್ಪರ್ಯವಿಷ್ಟೇ. ಉಳಿದುದೆಲ್ಲವೂ ಇದರ ವಿವರಣೆ.

ಮೊದಲು ನಿರ್ಧರಿಸಬೇಕಾದದ್ದು ಪಾಡ್‌ಕಾಸ್ಟಿನ ವ್ಯಾಪ್ತಿ. ವಿಜ್ಞಾನ ಕಥಾಸಾಹಿತ್ಯವು ಇಂದು ಸಮುದ್ರೋಪಮವಾಗಿ ಬೆಳೆದಿದೆ. ಅದನ್ನೆಲ್ಲ ಒಬ್ಬನೇ ಈಜಿ ಮುಗಿಸುವೆನೆಂದು ಹೊರಡುವವನು ದಡದಲ್ಲಿಯೇ ದಣಿಯುತ್ತಾನೆ. ಯಾರು ಕೇಳಬೇಕೆಂದು ನಾವು ಬಯಸುತ್ತೇವೆ, ಅವರಿಗೆ ನಮ್ಮಿಂದಲ್ಲದೆ ಬೇರೆಡೆ ದೊರೆಯದ ವಸ್ತು ಯಾವುದು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡು, ಉತ್ತರವನ್ನು ಎರಡೇ ವಾಕ್ಯಗಳಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ‘ಕೂಡ್ ಸ್ಟ್ರೀಟ್ ಪಾಡ್‌ಕಾಸ್ಟ್’ ಎಂಬುದನ್ನು ನಡೆಸುವವರು ಇಬ್ಬರು: ಒಬ್ಬರು ಷಿಕಾಗೋ ನಗರದಲ್ಲಿರುವ ವಿಮರ್ಶಕ ಗ್ಯಾರಿ ವುಲ್ಫ್, ಇನ್ನೊಬ್ಬರು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿರುವ ಕಥಾಸಂಪಾದಕ ಜೊನಾಥನ್ ಸ್ಟ್ರಾಹನ್. ಒಬ್ಬರಿಗೆ ಸಂಜೆಯಾದಾಗ ಮತ್ತೊಬ್ಬರಿಗೆ ಮರುದಿನದ ಬೆಳಗು. ಹೊಸ ಪುಸ್ತಕಗಳನ್ನೂ ಆ ಸಾಹಿತ್ಯದ ಪರಂಪರೆಯನ್ನೂ ಕುರಿತು ಬಲ್ಲವರಿಬ್ಬರ ಸಲ್ಲಾಪವೆಂಬ ಒಂದೇ ಚೌಕಟ್ಟನ್ನು 2010ರಿಂದ ಹಿಡಿದು ಬಂದುದರ ಫಲವಾಗಿ 2021ರಲ್ಲಿ ಅವರಿಗೆ ಹ್ಯೂಗೋ ಪ್ರಶಸ್ತಿ ಲಭಿಸಿತು. ಅದೇ ಆಸ್ಟ್ರೇಲಿಯಾದ ಮೂವರು ಮಹಿಳೆಯರು ನಡೆಸಿದ ‘ಗ್ಯಾಲಕ್ಟಿಕ್ ಸಬರ್ಬಿಯಾ’ ಎಂಬುದು ಸ್ತ್ರೀಯರ ದೃಷ್ಟಿಯಿಂದ ಇದೇ ಸಾಹಿತ್ಯವನ್ನು ನೋಡಿ, ತಾವು ಈಚೆಗೆ ಓದಿದ್ದೇನು ನೋಡಿದ್ದೇನು ಎಂಬ ನಿಯತವಾದ ಭಾಗವೊಂದನ್ನು ಇಟ್ಟುಕೊಂಡು, ತನ್ನದೇ ಆದ ಕೇಳುಗರನ್ನು ಸಂಪಾದಿಸಿತು. 2015ರ ಹ್ಯೂಗೋ ಅದಕ್ಕೆ ಸಂದಿತು. ವಸ್ತು ಒಂದೇ ಆದರೂ ಕೋನ ಬೇರೆ. ಕೋನವು ಸ್ಪಷ್ಟವಾಗಿರುವುದರಿಂದಲೇ ಎರಡಕ್ಕೂ ಸ್ಥಾನವುಂಟು.

ಚೌಕಟ್ಟು ಸ್ಥಿರವಾಗಿರಬೇಕೆಂದ ಮಾತ್ರಕ್ಕೆ ಅದು ಜಡವಾಗಿರಬೇಕೆಂದು ಅರ್ಥವಲ್ಲ. 2020ರಲ್ಲಿ ಮಹಾಮಾರಿಯ ದೆಸೆಯಿಂದ ಲೋಕವೆಲ್ಲ ಮನೆಯೊಳಗೆ ಬಂಧಿತವಾಗಿದ್ದಾಗ, ದೀರ್ಘ ಸಂಭಾಷಣೆಗಳಿಗೆ ಹೆಸರಾಗಿದ್ದ ‘ಕೂಡ್ ಸ್ಟ್ರೀಟ್’ ನಿರೂಪಕರು ಲೇಖಕರೊಡನೆ ಹತ್ತೇ ನಿಮಿಷಗಳ ಕಿರುಸಂಭಾಷಣೆಗಳ ಮಾಲೆಯೊಂದನ್ನು ಪ್ರಾರಂಭಿಸಿ, ಯಾವ ಪುಸ್ತಕವನ್ನು ಓದಿ ಕಾಲ ಕಳೆಯುತ್ತಿದ್ದೀರಿ ಎಂದು ವಿಚಾರಿಸುತ್ತ ಹೋದರು. ಕೇಳುವವನ ಸ್ಥಿತಿ ಬದಲಾಯಿತೆಂದು ತಿಳಿದು ಹೇಳುವವನು ತನ್ನ ಕ್ರಮವನ್ನು ಬದಲಾಯಿಸಿಕೊಂಡುದಕ್ಕೆ ಇದು ಉತ್ತಮ ನಿದರ್ಶನ. ಆದರೆ ಪ್ರಕಟಣೆಯ ದಿನವನ್ನು ಮಾತ್ರ ಮನಸ್ಸು ಬಂದಂತೆ ಬದಲಾಯಿಸಲಾಗದು. ವಾರಕ್ಕೊಂದು ಸಾಧ್ಯವಿಲ್ಲದಿದ್ದರೆ ಪಕ್ಷಕ್ಕೊಂದು, ಅದೂ ಆಗದಿದ್ದರೆ ತಿಂಗಳಿಗೊಂದು. ಯಾವುದನ್ನು ಒಪ್ಪಿಕೊಂಡೆವೋ ಅದನ್ನು ಪಾಲಿಸಬೇಕು. ಪ್ರಾರಂಭಿಸುವುದಕ್ಕೆ ಮೊದಲೇ ಮೂರು ನಾಲ್ಕು ಸಂಚಿಕೆಗಳನ್ನು ಸಿದ್ಧಪಡಿಸಿ ಕೈಯಲ್ಲಿಟ್ಟುಕೊಂಡರೆ, ಪರೀಕ್ಷೆ ಬಂದರೂ ಜ್ವರ ಬಂದರೂ ಮಾತು ತಪ್ಪಬೇಕಾಗುವುದಿಲ್ಲ.

ಇನ್ನು ಪೂರ್ವಸಿದ್ಧತೆಯ ಮಾತು. ಅಭಿಮಾನಿಗಳ ಸಂಭಾಷಣೆ ಸಹಜವಾಗಿರಬೇಕೆಂಬುದು ನಿಜ. ಆದರೆ ಆ ಸಹಜತೆಯು ಸಿದ್ಧತೆಯಿಂದಲೇ ಬರತಕ್ಕದ್ದು. ಚರ್ಚಿಸಬೇಕಾದ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿರಬೇಕೆಂಬುದನ್ನು ಹೇಳಬೇಕಾದದ್ದೇ ಇಲ್ಲ. ಲೇಖಕನು ಅದಕ್ಕೆ ಮೊದಲು ಬರೆದುದರಲ್ಲಿ ಒಂದನ್ನಾದರೂ ಓದಿರುವುದು, ಕಥೆಯಲ್ಲಿ ಬರುವ ವಿಜ್ಞಾನವನ್ನು ಆಯಾ ಶಾಸ್ತ್ರದ ಗ್ರಂಥದಲ್ಲಿ ಒಮ್ಮೆ ನೋಡಿಕೊಂಡಿರುವುದು ಅವಶ್ಯ. ಬೆಳಕಿನ ವೇಗವನ್ನು ಮೀರಿದ ಪ್ರಯಾಣವನ್ನು ಲೇಖಕನು ಕಲ್ಪಿಸಿದ್ದಾನೆಂದರೆ, ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಕ್ರಮಿಸುತ್ತದೆ, ಆ ವೇಗದಲ್ಲಿ ಹೊರಟರೂ ಸೂರ್ಯನಿಗೆ ಅತಿ ಸಮೀಪದ ನಕ್ಷತ್ರವನ್ನು ಮುಟ್ಟಲು ನಾಲ್ಕು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯುತ್ತದೆ ಎಂಬುದನ್ನು ತಿಳಿಸಿದಾಗಲೇ ಆ ಕಲ್ಪನೆಯ ಧಾರ್ಷ್ಟ್ಯವೂ ಅಗತ್ಯವೂ ಕೇಳುಗನಿಗೆ ಅರ್ಥವಾಗುತ್ತವೆ. ಪ್ರಶ್ನೆಗಳನ್ನು ಐದಾರು ಸಾಲುಗಳಲ್ಲಿ ಬರೆದುಕೊಳ್ಳಿ; ಉತ್ತರಗಳನ್ನು ಬರೆದುಕೊಳ್ಳಬೇಡಿ. ಬರೆದುಕೊಂಡ ಉತ್ತರವು ಓದಿದಂತೆ ಕೇಳಿಸುತ್ತದೆ. ಆ ಕ್ಷಣದಲ್ಲಿ ಯೋಚಿಸಿ ಆಡಿದ ಮಾತು ಜೀವಂತವಾಗಿರುತ್ತದೆ.

ಅತಿಥಿಯಾಗಿ ಲೇಖಕರು ಬಂದಾಗ ಕೇಳುವ ಗುಣದ ನಿಜವಾದ ಪರೀಕ್ಷೆ ನಡೆಯುತ್ತದೆ. ಪ್ರಶ್ನೆ ಕೇಳಿದವನು ತನ್ನ ಮುಂದಿನ ಪ್ರಶ್ನೆಯನ್ನೇ ಧ್ಯಾನಿಸುತ್ತ ಕುಳಿತರೆ, ಅತಿಥಿಯು ನಡುವೆ ತೆರೆದಿಟ್ಟ ಬಾಗಿಲನ್ನು ಗಮನಿಸದೆ ದಾಟಿಹೋಗುತ್ತಾನೆ. ಉತ್ತರ ಮುಗಿದ ಬಳಿಕ ಕ್ಷಣಕಾಲ ಸುಮ್ಮನಿರುವುದನ್ನು ಅಭ್ಯಾಸ ಮಾಡಬೇಕು. ಎಷ್ಟೋ ಸಲ ಅತಿಥಿಯ ಅತ್ಯುತ್ತಮವಾದ ಮಾತು ಆ ಮೌನದ ತರುವಾಯವೇ ಬರುತ್ತದೆ. ಮೆಚ್ಚಿಕೆಯೂ ನಿರ್ದಿಷ್ಟವಾಗಿರಲಿ: ಪುಸ್ತಕ ಬಹಳ ಚೆನ್ನಾಗಿದೆ ಎನ್ನುವುದಕ್ಕಿಂತ, ಇಂಥ ಅಧ್ಯಾಯದಲ್ಲಿ ಇಂಥ ಪಾತ್ರ ತೆಗೆದುಕೊಂಡ ನಿರ್ಧಾರ ನನ್ನನ್ನು ಎರಡು ದಿನ ಕಾಡಿತು ಎನ್ನುವುದು ಲೇಖಕನಿಗೂ ಸಂತೋಷ, ಕೇಳುಗನಿಗೂ ಪ್ರಯೋಜನ. ಒಪ್ಪದಿದ್ದಾಗ ಕಾರಣವನ್ನು ಹೇಳಿ, ಕೃತಿಯ ಮೇಲೆ ಮಾತು ನಿಲ್ಲಿಸಿ, ಕೃತಿಕಾರನ ಮೇಲೆ ಹೋಗಬೇಡಿ. ಕಥೆಯ ಅಂತ್ಯದ ಗುಟ್ಟನ್ನು ಬಯಲುಮಾಡಬೇಕಾಗಿ ಬಂದರೆ ಮೊದಲೇ ಎಚ್ಚರಿಸಿ, ಸಂಚಿಕೆಯ ಕೊನೆಯ ಭಾಗಕ್ಕೆ ಅದನ್ನು ಮುಂದೂಡಿ. ಇನ್ನೂ ಓದದವನ ಸುಖವನ್ನು ಅಪಹರಿಸುವ ಹಕ್ಕು ಯಾವ ವಿಮರ್ಶಕನಿಗೂ ಇಲ್ಲ.

ಈಗ ಧ್ವನಿಯ ವಿಷಯಕ್ಕೆ ಬರೋಣ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಬೆಲೆಬಾಳುವ ಮೈಕನ್ನು ಕೊಂಡರೆ ಎಲ್ಲವೂ ಸರಿಹೋಯಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಮೈಕಿಗಿಂತಲೂ ಮುಖ್ಯವಾದುದು ಕೋಣೆ. ನಮ್ಮ ಮನೆಗಳ ಮೊಸಾಯಿಕ್ ನೆಲ, ಬರಿಯ ಗೋಡೆ, ಸಿಮೆಂಟಿನ ತಾರಸಿ ಇವು ಶಬ್ದವನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ಆಡಿದ ಮಾತು ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಬೆನ್ನ ಹಿಂದೆ ಪುಸ್ತಕ ತುಂಬಿದ ಕಪಾಟು, ಎದುರಿಗೆ ನಿಲ್ಲಿಸಿದ ಹಾಸಿಗೆ ಅಥವಾ ತೂಗುಹಾಕಿದ ಕಂಬಳಿ ಇಷ್ಟಿದ್ದರೆ ಅರ್ಧ ದೋಷ ನಿವಾರಣೆಯಾಗುತ್ತದೆ. ಫ್ಯಾನನ್ನು ಆರಿಸಬೇಕು, ಕುಕ್ಕರಿನ ಸೀಟಿ ಕೂಗದ ವೇಳೆಯನ್ನು ಆರಿಸಿಕೊಳ್ಳಬೇಕು. ಸದ್ದುಗದ್ದಲದ ಮನೆಯಲ್ಲಿ, ಹತ್ತಿರದ ಶಬ್ದವನ್ನು ಮಾತ್ರ ಹಿಡಿದು ದೂರದ್ದನ್ನು ಬಹುಮಟ್ಟಿಗೆ ಬಿಟ್ಟುಬಿಡುವ ಡೈನಾಮಿಕ್ ಮೈಕು, ಸೂಕ್ಷ್ಮಗ್ರಾಹಿಯಾದ ಕಂಡೆನ್ಸರ್ ಮೈಕಿಗಿಂತ ಹಿತಕರ. ಬಾಯಿಗೂ ಮೈಕಿಗೂ ಒಂದು ಗೇಣಿಗೆ ಮೀರದಷ್ಟು ಅಂತರವಿರಲಿ. ಆ ಅಂತರವು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರಲಿ. ನಮ್ಮ ಪವರ್ಗದ ಅಕ್ಷರಗಳನ್ನು, ವಿಶೇಷವಾಗಿ ಫಕಾರ ಭಕಾರಗಳನ್ನು ಉಚ್ಚರಿಸುವಾಗ ತುಟಿಗಳಿಂದ ಹೊರಡುವ ಗಾಳಿಯು ನೇರವಾಗಿ ಮೈಕಿಗೆ ಬಡಿದರೆ ಢಬ್ಬೆಂಬ ಶಬ್ದವಾಗುವುದರಿಂದ, ಮೈಕನ್ನು ಬಾಯಿಯ ನೇರಕ್ಕಿಡದೆ ಕೊಂಚ ಓರೆಯಾಗಿಟ್ಟುಕೊಳ್ಳಬೇಕು.

ಇಬ್ಬರು ನಿರೂಪಕರು ಎರಡು ಊರುಗಳಲ್ಲಿದ್ದು ಅಂತರಜಾಲದ ಮೂಲಕ ಮಾತನಾಡಿಕೊಳ್ಳುವಾಗ, ಆ ಕರೆಯ ಧ್ವನಿಯನ್ನೇ ಮುದ್ರಿಸಿಕೊಂಡರೆ ಮಾತು ಅಲ್ಲಲ್ಲಿ ತುಂಡಾಗಿ, ಬಣ್ಣಗೆಟ್ಟಿರುತ್ತದೆ. ಆದುದರಿಂದ ಒಬ್ಬೊಬ್ಬರೂ ತಮ್ಮ ತಮ್ಮ ಧ್ವನಿಯನ್ನು ತಮ್ಮ ಯಂತ್ರದಲ್ಲಿಯೇ ಪ್ರತ್ಯೇಕವಾಗಿ ಮುದ್ರಿಸಿಕೊಂಡು, ಅನಂತರ ಎರಡನ್ನೂ ಒಂದುಗೂಡಿಸುವುದು ಉತ್ತಮ ಪದ್ಧತಿ. ಆರಂಭದಲ್ಲಿ ಇಬ್ಬರೂ ಒಟ್ಟಿಗೆ ಒಮ್ಮೆ ಚಪ್ಪಾಳೆ ತಟ್ಟಿದರೆ ಜೋಡಿಸುವವನಿಗೆ ಗುರುತು ಸಿಕ್ಕುತ್ತದೆ. ಹೆಡ್‌ಫೋನನ್ನು ಇಬ್ಬರೂ ಧರಿಸಿರಬೇಕು. ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರ ಮೈಕಿಗೆ ಹೊಕ್ಕು ಪ್ರತಿಧ್ವನಿಯಾಗುತ್ತದೆ. ಮುದ್ರಿತ ಧ್ವನಿಯನ್ನು ತಿದ್ದಿ ಜೋಡಿಸುವುದಕ್ಕೆ ಹಣ ತೆರಬೇಕಾದದ್ದೂ ಇಲ್ಲ. 2000ದಲ್ಲಿ ಬಿಡುಗಡೆಯಾದ ‘ಆಡಾಸಿಟಿ’ ಎಂಬ ತಂತ್ರಾಂಶವು ಇಂದಿಗೂ ಉಚಿತವಾಗಿ ದೊರೆಯುತ್ತದೆ. ಮೂಲ ಮುದ್ರಣದ ಪ್ರತಿಯೊಂದನ್ನು ಮುಟ್ಟದೆ ಬೇರೆಡೆ ಭದ್ರಪಡಿಸಿದ ಮೇಲೆಯೇ ಕತ್ತರಿ ಹಿಡಿಯತಕ್ಕದ್ದು.

ಆ ಕತ್ತರಿಯನ್ನು ಪ್ರಯೋಗಿಸುವುದರಲ್ಲಿ ನಾಟಿಯ ಗದ್ದೆಯಲ್ಲಿ ಕಳೆ ಕೀಳುವವಳ ಜಾಣ್ಮೆ ಬೇಕು: ಬೆಳೆಗೆ ನೋವಾಗದಂತೆ ಕಳೆ ಹೋಗಬೇಕು. ವಿಷಯವನ್ನು ಬಿಟ್ಟು ಅಲೆದ ಪ್ರಸಂಗ, ಹೇಳಿದ್ದನ್ನೇ ಹೇಳಿದ ಭಾಗ, ಹೆಸರು ನೆನಪಾಗದೆ ತಡವರಿಸಿದ ಜಾಗ ಇವನ್ನು ತೆಗೆಯಲೇಬೇಕು. ಆದರೆ ಪ್ರತಿಯೊಂದು ಉಸಿರನ್ನೂ ಪ್ರತಿಯೊಂದು ಅರೆನಿಲುಗಡೆಯನ್ನೂ ಕಿತ್ತುಹಾಕಿದರೆ ಮನುಷ್ಯನ ಧ್ವನಿ ಯಂತ್ರದ ಧ್ವನಿಯಾಗುತ್ತದೆ. ಅತಿಥಿಯ ಮಾತನ್ನು ಸಂಕ್ಷೇಪಿಸುವಾಗ ಅದರ ಅಭಿಪ್ರಾಯ ಕೂದಲೆಳೆಯಷ್ಟೂ ಕೊಂಕಬಾರದು. ಕೊನೆಯಲ್ಲಿ ಎಲ್ಲರ ಧ್ವನಿಯ ಎತ್ತರವನ್ನೂ ಸಮಗೊಳಿಸಬೇಕು. ಒಬ್ಬನ ಪಿಸುಮಾತಿಗೆಂದು ಧ್ವನಿಯೇರಿಸಿಕೊಂಡವನ ಕಿವಿಗೆ ಮತ್ತೊಬ್ಬನ ನಗೆ ಗುಡುಗಿನಂತೆ ಎರಗುವುದು ಅತಿಥಿಸತ್ಕಾರವಲ್ಲ. ಧ್ವನಿಯ ಸರಾಸರಿ ಗಾತ್ರವನ್ನು ಅಳೆಯುವುದಕ್ಕೆ ಲಫ್ಸ್ ಎಂಬ ಮಾನವಿದೆ. ಪಾಡ್‌ಕಾಸ್ಟುಗಳಲ್ಲಿ ಅದು ಋಣ 16ರ ಆಸುಪಾಸಿನಲ್ಲಿರುವುದು ರೂಢಿ. ಮಾತೇ ಪ್ರಧಾನವಾದ ಸಂಚಿಕೆಯನ್ನು ಸೆಕೆಂಡಿಗೆ 64 ಕಿಲೋಬಿಟ್ ಪ್ರಮಾಣದ ಎಂಪಿ3 ರೂಪಕ್ಕೆ ಇಳಿಸಿದರೆ ಒಂದು ಗಂಟೆಯ ಸಂಭಾಷಣೆ ಸುಮಾರು 29 ಮೆಗಾಬೈಟಿನಲ್ಲಿ ಅಡಗುತ್ತದೆ; ಸಂಪರ್ಕ ಮಂದವಾಗಿರುವ ಹಳ್ಳಿಯವನಿಗೂ ಅದನ್ನು ಇಳಿಸಿಕೊಳ್ಳುವುದು ಕಷ್ಟವಾಗದು.

ಪ್ರಕಟಿಸುವುದಕ್ಕೆ ಮೊದಲು ಒಂದು ತಪಸ್ಸುಂಟು. ಅದೇನೆಂದರೆ, ಪೂರ್ಣ ಸಂಚಿಕೆಯನ್ನು ನಿರೂಪಕನು ತಾನೇ, ಅಪರಿಚಿತನಂತೆ, ಕುಳಿತು ಕೇಳುವುದು. ಸ್ಟುಡಿಯೋದ ಹೆಡ್‌ಫೋನಿನಲ್ಲಿ ಕೇಳಿದರೆ ಸಾಲದು. ಬಸ್ಸಿನಲ್ಲಿಯೋ, ಅಡುಗೆಮನೆಯ ಕೆಲಸದ ನಡುವೆಯೋ, ಅಂದರೆ ಜನ ನಿಜವಾಗಿ ಕೇಳತಕ್ಕ ಜಾಗದಲ್ಲಿ ಕೇಳಬೇಕು. ತನ್ನ ಧ್ವನಿಯನ್ನು ತಾನು ಕೇಳುವುದು ಯಾರಿಗೂ ಸುಲಭವಲ್ಲ. ನಮ್ಮ ಧ್ವನಿಯು ನಮಗೆ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿನಿಂದ ಕೇಳಿಸುತ್ತಿರುವುದರಿಂದ ಗಾಳಿಯ ಮೂಲಕ ಮಾತ್ರ ಬಂದ ಅದೇ ಧ್ವನಿ ಪರಕೀಯವಾಗಿ ತೋರುತ್ತದೆ. ಆ ಸಂಕೋಚವನ್ನು ದಾಟಿದವನಿಗೆ ಮಾತ್ರ ತನ್ನ ದೋಷಗಳು ಕಾಣುತ್ತವೆ: ಪದೇಪದೇ ಬರುವ ಪಲ್ಲವಿಯಂಥ ಮಾತು, ಗೆಳೆಯನ ವಾಕ್ಯದ ಮೇಲೆ ಏರಿಹೋಗುವ ಆತುರ, ವಿಷಯಕ್ಕೆ ಬರುವ ಮುನ್ನ ಸುತ್ತಿದ ಹಾದಿ. ಇವನ್ನೆಲ್ಲ ಒಮ್ಮೆಲೇ ತಿದ್ದಲು ಹೊರಡಬಾರದು. ಒಂದು ಸಂಚಿಕೆಗೆ ಒಂದು ದೋಷ. ಅದನ್ನು ನೀಗಿಕೊಂಡ ಬಳಿಕ ಮತ್ತೊಂದು. ಹೀಗೆ ಮುಂದುವರಿದವನ ಮಾತು ವರ್ಷದೊಳಗೆ ಗುರುತು ಸಿಗದಷ್ಟು ಹಸನಾಗುತ್ತದೆ.

ಹೀಗೆ ತನ್ನ ಮಾತನ್ನು ತಾನೇ ಕೇಳುವುದು ಮೊದಲ ಗುರುವಾದರೆ, ಕೇಳುಗರ ಪತ್ರಗಳು ಎರಡನೆಯ ಗುರು. ಅಮೇಜಿಂಗ್ ಸ್ಟೋರೀಸ್ ಪತ್ರಿಕೆಯ ಓದುಗರ ಅಂಕಣದಿಂದಲೇ ಅಭಿಮಾನಿಗಳ ಲೋಕ ಹುಟ್ಟಿತೆಂಬುದನ್ನು ಆಗಲೇ ಹೇಳಿದೆನಷ್ಟೆ. ಆದುದರಿಂದ ಕೇಳುಗರ ಮಾತಿಗೆ ಪ್ರತಿಯೊಂದು ಸಂಚಿಕೆಯಲ್ಲಿಯೂ ಸ್ಥಾನವಿರಬೇಕು. ಹೊಗಳಿಕೆಯನ್ನು ಮಾತ್ರ ಆರಿಸಿ ಓದದೆ, ಭಿನ್ನಾಭಿಪ್ರಾಯವನ್ನೂ ತಿದ್ದುಪಡಿಯನ್ನೂ ಗೌರವದಿಂದ ಓದಬೇಕು. ಪ್ರಶ್ನೆ ಕೇಳುವಾಗ, ನಮ್ಮ ಕಾರ್ಯಕ್ರಮ ಹೇಗಿದೆಯೆಂದರೆ ಚೆನ್ನಾಗಿದೆಯೆಂಬ ಉತ್ತರವಲ್ಲದೆ ಬೇರೇನೂ ಬಾರದು. ಯಾವ ಗಳಿಗೆಯಲ್ಲಿ ಬೇಸರಗೊಂಡು ಕೇಳುವುದನ್ನು ನಿಲ್ಲಿಸಿದಿರಿ ಎಂದು ಕೇಳಿದರೆ ಸತ್ಯ ಹೊರಬೀಳುತ್ತದೆ. ಸಂಚಿಕೆಯಲ್ಲಿ ಪ್ರಸ್ತಾಪಿತವಾದ ಪುಸ್ತಕಗಳ, ಲೇಖಕರ ಹೆಸರುಗಳನ್ನು ತಪ್ಪಿಲ್ಲದೆ ಬರೆದು ಜೊತೆಗೆ ಒದಗಿಸುವುದೂ, ಸಾಧ್ಯವಾದರೆ ಸಂಭಾಷಣೆಯ ಲಿಖಿತ ಪ್ರತಿಯನ್ನು ಕೊಡುವುದೂ ಸೌಜನ್ಯ. ಕಿವಿ ಕೇಳಿಸದವನೂ ವಿಜ್ಞಾನ ಕಥೆಯ ಅಭಿಮಾನಿಯಾಗಿರಬಹುದೆಂಬುದನ್ನು ಮರೆಯಲಾಗದು.

ಧರ್ಮದ ಮಾತೊಂದು ಉಳಿದಿದೆ. ಪರರ ಕಥೆಯನ್ನು ಪೂರ್ತಿಯಾಗಿ ಓದಿಹೇಳುವುದಕ್ಕೆ ಲೇಖಕರ ಅನುಮತಿ ಬೇಕು. ಚಲನಚಿತ್ರದ ಸಂಗೀತವನ್ನು ಇಷ್ಟಬಂದಂತೆ ಬಳಸಲಾಗದು. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯು ವಿಮರ್ಶೆಗೆಂದು ನ್ಯಾಯವಾದ ಪ್ರಮಾಣದಲ್ಲಿ ಉದ್ಧರಿಸುವುದಕ್ಕೆ ಅವಕಾಶ ಕೊಡುತ್ತದೆ. ಲೇಖಕನು ತೀರಿಕೊಂಡು 60 ವರ್ಷಗಳು ಕಳೆದ ಮೇಲೆ ಕೃತಿಯು ಸರ್ವರ ಸೊತ್ತಾಗುತ್ತದೆ. 1946ರಲ್ಲಿ ದಿವಂಗತರಾದ ಎಚ್. ಜಿ. ವೆಲ್ಸ್ ಅವರ ಕಥೆಗಳನ್ನು ಇಂದು ಯಾರು ಬೇಕಾದರೂ ನಮ್ಮ ನಾಡಿನಲ್ಲಿ ಅನುವಾದಿಸಿ ಓದಿಹೇಳಬಹುದು. ಜೀವಂತ ಲೇಖಕರ ವಿಷಯದಲ್ಲಿ ‘ಎಸ್ಕೇಪ್ ಪಾಡ್’ ಹಾಕಿಕೊಟ್ಟ ಮಾರ್ಗ ಶ್ಲಾಘ್ಯವಾದದ್ದು: ಕೇಳುಗರಿಗೆ ಕಥೆ ಉಚಿತ, ಬರೆದವರಿಗೆ ಸಂಭಾವನೆ, ವೆಚ್ಚವನ್ನು ಹೊತ್ತವರು ಸ್ವಇಚ್ಛೆಯಿಂದ ಕಾಣಿಕೆ ನೀಡಿದ ಅಭಿಮಾನಿಗಳು.

ಕಡೆಯದಾಗಿ ಕನ್ನಡಿಗರಿಗೆ ನನ್ನ ಬಿನ್ನಹ. ಕನ್ನಡದಲ್ಲಿ ವಿಜ್ಞಾನ ಕಥೆ ಇಲ್ಲದಿಲ್ಲ. ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರದಲ್ಲಿ ನಿಷ್ಠೆಯಿಂದ ಬರೆದರು. ಅಂಥ ಕೃತಿಗಳನ್ನು ಓದಿದವರು ಊರೂರುಗಳಲ್ಲಿ, ಹೊರನಾಡುಗಳಲ್ಲಿ, ಸಾಗರದಾಚೆಯಲ್ಲಿ ಚದರಿದ್ದಾರೆ. ಒಬ್ಬರ ಮೆಚ್ಚಿಕೆ ಒಬ್ಬರಿಗೆ ತಲುಪುತ್ತಿಲ್ಲ. ಷಿಕಾಗೋದವರೂ ಪರ್ತಿನವರೂ ಒಂದೇ ಜಗಲಿಯಲ್ಲಿ ಕುಳಿತಂತೆ ಮಾತನಾಡಬಲ್ಲರಾದರೆ ಧಾರವಾಡದವರೂ ಮಂಗಳೂರಿನವರೂ ಸಿಂಗಪುರದ ಕನ್ನಡಿಗರೂ ಮಾತನಾಡಲಾರರೇ? ಒಳ್ಳೆಯ ಯಂತ್ರ ಬರಲಿ, ಹೆಚ್ಚು ಬಿಡುವು ಸಿಕ್ಕಲಿ ಎಂದು ಕಾಯುತ್ತ ಕೂರಬೇಡಿ. ನೀವು ಮೆಚ್ಚಿದ ಒಂದು ಕನ್ನಡ ವಿಜ್ಞಾನ ಕಥೆಯನ್ನು ಈ ವಾರವೇ ಮತ್ತೊಮ್ಮೆ ಓದಿ. ಅದನ್ನು ಓದಿರುವ ಗೆಳೆಯನೊಬ್ಬನನ್ನು ಹುಡುಕಿ. ಸದ್ದಿಲ್ಲದ ಕೋಣೆಯೊಂದರಲ್ಲಿ ಅರ್ಧ ಗಂಟೆ ಮಾತನಾಡಿ ಮುದ್ರಿಸಿಕೊಳ್ಳಿ. ಮುದ್ರಿಸಿದ್ದನ್ನು ಪೂರ್ತಿಯಾಗಿ ನೀವೇ ಕೇಳಿ, ತಿದ್ದಿ, ಆಮೇಲೆ ಲೋಕಕ್ಕೆ ಕೇಳಿಸಿ. ಹಾಗೆ ನಾಲ್ಕು ಸಂಚಿಕೆಗಳನ್ನು ಪೂರೈಸುವ ಹೊತ್ತಿಗೆ ನಿಮಗೆ ಕೇಳುಗರು ದೊರೆತಿರುತ್ತಾರೆ, ಕನ್ನಡ ವಿಜ್ಞಾನ ಕಥೆಗೆ ಹೊಸ ಓದುಗರೂ ದೊರೆತಿರುತ್ತಾರೆ. ಆ ಕೆಲಸವನ್ನು ನಮ್ಮ ತರುಣ ತರುಣಿಯರು ಕೈಗೆತ್ತಿಕೊಳ್ಳಬೇಕೆಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.